ನೆಲಮಾಳಿಗೆಯ ಗಾವ್ರಿಲ್ ಲಿಂಗುರಾರ್

ನಮ್ಮೂರಲ್ಲಿ ಅಕ್ಟೋಬರ್ ಬಂತೆಂದರೆ ಜನ ದೇವರಿಗಿಂತ ಮೊದಲು ನೆನೆಯುವುದು ನಮ್ಮ ಕಚೇರಿಯ ಫೋನ್ ನಂಬರನ್ನು. ಸಿರೆತ್ ನದಿಯ ಕಡೆಯಿಂದ ಮೊದಲ ಚಳಿಗಾಳಿ ಬೀಸಿದ ಬೆಳಿಗ್ಗೆಯೇ "ಬಿಸಿ ಯಾವಾಗ ಬಿಡ್ತೀರಿ?" ಎಂಬ ಪ್ರಶ್ನೆ ಶುರು. ಊರಾಚೆಯ ಬಾಯ್ಲರ್ ಮನೆಯಲ್ಲಿ ಕಾದ ನೀರು ದಪ್ಪ ಪೈಪುಗಳಲ್ಲಿ ಹರಿದು ಒಂದೊಂದು ವಸತಿ ಕಟ್ಟಡದ ನೆಲಮಾಳಿಗೆಗೂ ಬರುತ್ತದೆ. ಅಲ್ಲಿಂದ ಮೇಲೆ, ಮನೆಮನೆಯ ಕಬ್ಬಿಣದ ರೇಡಿಯೇಟರಿಗೆ. ಈ ಸಂಸ್ಥೆಯಲ್ಲಿ ದೂರು ಕೇಳುವ ಮೇಜು ನನ್ನದು. ನೀರು ತಣ್ಣಗಿದ್ದಷ್ಟೂ ಜನ ಬಿಸಿಯಾಗಿರುತ್ತಾರೆ ಎಂಬುದು ನಾನು ಇಲ್ಲಿ ಕಲಿತ ಭೌತಶಾಸ್ತ್ರ.

ಗಾವ್ರಿಲ್ ಲಿಂಗುರಾರ್‌ನನ್ನು ಊರಿನವರು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಕಟ್ಟಡದ ಅಡಿಯಲ್ಲಿ ನಿಂತು ಅವನು ಸ್ಪ್ಯಾನರಿನಿಂದ ಪೈಪಿಗೆ ಟಣ್ ಟಣ್ ಎಂದು ಬಡಿದರೆ ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಸೂಪು ಕುದಿಸುತ್ತಿದ್ದವಳು "ಗಾವ್ರಿಲ್ ಬಂದ" ಎನ್ನುತ್ತಿದ್ದಳು. ಗಿಡ್ಡ ಆಳು, ದಪ್ಪ ಮೀಸೆ, ಬೇಸಿಗೆಯಲ್ಲೂ ತೆಗೆಯದ ಉಣ್ಣೆ ಟೋಪಿ. ಕೆಲಸದಲ್ಲಿ ಚೊಕ್ಕ, ಮಾತಿನಲ್ಲಿ ಚಿಕ್ಕ.

ಲಿಂಗುರಾರ್ ಎಂದರೆ ಚಮಚ ಕೆತ್ತುವವರು. ಗಾವ್ರಿಲ್ ಹೊರಗಿನವರು ಜಿಪ್ಸಿ ಎನ್ನುವ ರೋಮಾ ಜನದವನು. ಅವನ ಹಿರಿಯರು ಕಾಡಿನ ಅಂಚಿನಲ್ಲಿ ಕೂತು ಮರದ ಚಮಚ, ಸೌಟು ಕೆತ್ತುತ್ತಿದ್ದರು. ಕೆಲವು ತಲೆಮಾರುಗಳ ಹಿಂದೆ ಅವರು ಒಂದು ಕ್ರೈಸ್ತ ಮಠದ ಆಸ್ತಿ ಕೂಡ ಆಗಿದ್ದರು. ದ್ರಾಕ್ಷಿತೋಟ, ಎತ್ತು, ಗಿರಣಿ, ಲಿಂಗುರಾರ್‌ಗಳು, ಎಲ್ಲ ಒಂದೇ ಲೆಕ್ಕ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಗಾವ್ರಿಲ್ ಕೂಡ ಆಡುತ್ತಿರಲಿಲ್ಲ.

ಈಗ ಯಂತ್ರದ ವಿಷಯ. ಒಂದೊಂದು ನೆಲಮಾಳಿಗೆಯಲ್ಲೂ ಒಂದು ಪುಟ್ಟ ಕಂಪ್ಯೂಟರ್ ಪೆಟ್ಟಿಗೆ ಇದೆ. ನಮ್ಮ ಕಚೇರಿಯಲ್ಲಿ ಒಂದು ದೊಡ್ಡದು. ದೊಡ್ಡದು ಸರದಿಯಂತೆ ಒಂದೊಂದನ್ನೂ ಕೇಳುತ್ತದೆ: ನೀರು ಎಷ್ಟು ಬಿಸಿ, ಒತ್ತಡ ಎಷ್ಟು? ಪುಟ್ಟದು ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಕೇಳದೆ ಬಾಯಿ ಬಿಡುವಂತಿಲ್ಲ. ಇಂಥ ಜೋಡಿಗಳಿಗೆ ಯಾವುದೋ ಕಾಲದಲ್ಲಿ ಯಾರೋ ಒಡೆಯ, ಗುಲಾಮ ಎಂದು ಹೆಸರಿಟ್ಟಿದ್ದರು. ಜಗತ್ತಿನ ಎಲ್ಲ ಕಡೆಯೂ ಅದೇ ಹೆಸರು. ನಮ್ಮ ಪೆಟ್ಟಿಗೆಗಳ ಮೇಲಿನ ಚೀಟಿಗಳಲ್ಲೂ ಹೆಬ್ಬೆರಳಗಲದ ಅಕ್ಷರದಲ್ಲಿ ಅದೇ ಅಚ್ಚಾಗಿ ಬಂದಿತ್ತು.

ಪೆಟ್ಟಿಗೆಯ ಮೇಲಿದ್ದದ್ದು ಬಾಯಿಗೆ ಬಂತು. ನಮ್ಮ ವೈರ್‌ಲೆಸ್ಸಿಗೆ ಒಂದೇ ಚಾನೆಲ್. ಇಬ್ಬರು ಒಟ್ಟಿಗೆ ಮಾತಾಡಿದರೆ ಬರೀ ಗೊರಗೊರ. ಹಾಗಾಗಿ ಮನುಷ್ಯರೂ ಯಂತ್ರದ ನಿಯಮವನ್ನೇ ಹಿಡಿದರು. ಕಚೇರಿ ಕೇಳಬೇಕು, ನೆಲಮಾಳಿಗೆ ಹೇಳಬೇಕು. ಪ್ರತಿ ಶರತ್ಕಾಲ ಊರಿಗೆ ಬಿಸಿ ಬಿಡುವ ದಿನ ಒಬ್ಬ ಕಚೇರಿಯ ಕುರ್ಚಿಯಲ್ಲಿ ಕೂರುತ್ತಿದ್ದ, ಇನ್ನೊಬ್ಬ ವಾಲ್ವ್ ತೆರೆದು ಪೆಟ್ಟಿಗೆಯ ಲೆಕ್ಕ ಸರಿಯೇ ಎಂದು ನೋಡಲು ನೆಲಮಾಳಿಗೆಯಿಂದ ನೆಲಮಾಳಿಗೆಗೆ ಇಳಿದು ಹತ್ತುತ್ತಿದ್ದ.

"ಒಡೆಯ ಮಾತಾಡ್ತಾ ಇದಾನೆ. ಗುಲಾಮ ಏಳು, ಹೇಳು."

"ಗುಲಾಮ ಏಳು. ಅರವತ್ತು ಡಿಗ್ರಿ. ಒತ್ತಡ ಸರಿಯಿದೆ."

ಏಳನೇ ಕಟ್ಟಡದ ಸರದಿ ಬಂದಾಗಲೆಲ್ಲ ಯಾರನ್ನೋ ಎದ್ದು ನಿಲ್ಲು ಎಂದು ಗದರಿಸಿದಂತೆ ನನ್ನ ಕಿವಿಗೆ ಕೇಳುತ್ತಿತ್ತು. ಅಲ್ಲಿ ಎದ್ದು ನಿಲ್ಲುವ ಹಾಗೂ ಇರಲಿಲ್ಲ, ಚಾವಣಿ ಅಷ್ಟು ತಗ್ಗು.

ಕುರ್ಚಿಯ ಒಡೆಯ ತ್ವಾದೆರ್ ಅಪೆತ್ರೆಯ್. ಗಾವ್ರಿಲ್‌ನ ಜೊತೆಗೇ ಕೆಲಸಕ್ಕೆ ಸೇರಿದವನು, ಅದೇ ದರ್ಜೆ, ಅದೇ ಸಂಬಳ. ಪೆಟ್ಟಿಗೆಗಳು ಬಂದ ಮೊದಲ ವರ್ಷ ಅವನ ಮೊಣಕಾಲು ಊದಿಕೊಂಡಿತ್ತು. "ಈ ಸಲ ನೀನು ಹೋಗು ಗಾವ್ರಿಲುತ್ಸಾ, ಕಾಲು ವಾಸಿಯಾಗ್ಲಿ" ಎಂದ, ಸಲುಗೆಯ ಹೆಸರು ಹಿಡಿದು. ಗಾವ್ರಿಲ್ ಹೋದ. ಕಾಲು ಕ್ರಿಸ್ಮಸ್ಸಿಗೆ ಮೊದಲೇ ವಾಸಿಯಾಯಿತು. ಆಮೇಲೆ ಊರಿನ ಪ್ರತಿ ಮದುವೆಯಲ್ಲೂ ಕೈಕೈ ಹಿಡಿದು ಸುತ್ತುವ ಕುಣಿತಕ್ಕೆ ಮುಂದಾಳು ತ್ವಾದೆರ್‌ನೇ. ಕುರ್ಚಿಗೆ ಮಾತ್ರ ಅವನ ಬೆನ್ನಿನ ಅಚ್ಚು ಬಿದ್ದಿತ್ತು. ಅವನು ಕೆಟ್ಟವನಲ್ಲ. ಗಾವ್ರಿಲ್‌ನ ಮಗಳ ಮದುವೆಯಲ್ಲಿ ಧರ್ಮಪಿತನಾಗಿ ನಿಂತು ಮೇಣದಬತ್ತಿ ಹಿಡಿದವನು ಅವನೇ. ಮಧ್ಯಾಹ್ನ ಇಬ್ಬರೂ ಒಂದೇ ಹಲಗೆಯ ಮೇಲೆ ಈರುಳ್ಳಿ ಹೆಚ್ಚಿ, ಉಪ್ಪು ಹಾಕಿದ ಹಂದಿಕೊಬ್ಬನ್ನು ಹಂಚಿಕೊಂಡು ತಿನ್ನುವವರು.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ಪೆಟ್ಟಿಗೆ ತಯಾರಿಸುವವರಿಂದ ಸುದ್ದಿ ಬಂತು: ಒಡೆಯ, ಗುಲಾಮ ಎಂಬ ಪದಗಳನ್ನು ಕೈಬಿಟ್ಟಿದ್ದೇವೆ, ಹೊಸ ಪ್ರೋಗ್ರಾಮಿನಲ್ಲಿ ಅವು ಇರುವುದಿಲ್ಲ, ನೀವೂ ಹಳೆಯ ಚೀಟಿಗಳನ್ನು ತೆಗೆಯಿರಿ. ನಿಯಂತ್ರಣ ವಿಭಾಗದ ಮುಖ್ಯಸ್ಥೆ ಸ್ಮಾರಾಂದಾ ಮೇಡಂ ಸಭೆ ಕರೆದರು. ಚಿಕ್ಕ ವಯಸ್ಸಿನ, ಒಳ್ಳೆಯ ಮನಸ್ಸಿನ ಇಂಜಿನಿಯರ್. ಒಳ್ಳೆಯ ಮನಸ್ಸನ್ನು ಎಲ್ಲಿ ಇಡಬೇಕೆಂದು ಆಕೆಗೆ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

"ಹೆಸರು ಬದಲಾಯಿಸಿದ್ರೆ ಪೈಪು ಸೋರೋದು ನಿಲ್ಲುತ್ತಾ?" ತ್ವಾದೆರ್ ಶುರು ಮಾಡಿದ. "ಯಂತ್ರಕ್ಕೆ ಮನಸ್ಸಿದೆಯಾ, ಮೇಡಂ, ಬೇಜಾರಾಗೋಕೆ?"

"ಯಂತ್ರಕ್ಕಲ್ಲ ತ್ವಾದೆರ್ ಅವರೇ, ಕೇಳೋ ಮನುಷ್ಯರಿಗೆ."

"ಕೇಳೋನು ನಾನು, ಹೇಳೋನು ಗಾವ್ರಿಲ್. ನಮ್ಮಿಬ್ಬರ ಮಧ್ಯೆ ಏನೂ ಇಲ್ಲ."

"ಹಂಗಾದ್ರೆ ಅತ್ತೆ, ಸೊಸೆ ಅಂತ ಇಡಿ," ಎಂದ ವೆಲ್ಡರ್ ಪಿಂತಿಲಿಯೆ. ಎಲ್ಲ ಸಭೆಗೂ ಬೇಕಾದ ಒಬ್ಬ ವಿದೂಷಕ ಅವನು.

"ಆಗಲ್ಲ ಕಣಯ್ಯ. ಸೊಸೆ ಕೇಳದೇ ಇದ್ರೂ ಉತ್ತರ ಕೊಡ್ತಾಳೆ. ಊರೆಲ್ಲ ತಣ್ಣಗಾಗಿಬಿಡುತ್ತೆ," ಎಂದ ತ್ವಾದೆರ್.

"ಪಾದ್ರಿ, ಗಂಟೆ ಹೊಡೆಯೋನು?"

"ನಮ್ಮ ಪಾದ್ರಿ ಯಾವತ್ತು ಯಾರ್ನಾದ್ರೂ ಏನಾದ್ರೂ ಕೇಳಿದಾನೆ? ಬರೀ ಹೇಳ್ತಾನೆ."

ಎಲ್ಲರೂ ನಕ್ಕರು. ಗಾವ್ರಿಲ್ ಕಿಟಕಿಯ ಪಕ್ಕ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಅವನೂ ಸ್ವಲ್ಪ ನಕ್ಕ. ಆಗ ಸ್ಮಾರಾಂದಾ ಮೇಡಂ ಅವನ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಕಾಯಿಲೆಯವರನ್ನು ಮಾತಾಡಿಸುವ ಮೆತ್ತನೆಯ ದನಿಯಲ್ಲಿ ಕೇಳಿದರು: "ಗಾವ್ರಿಲ್ ಅವರೇ, ನಿಮ್ಮ ಸಮುದಾಯದ… ಅಂದ್ರೆ, ಇತಿಹಾಸ ನೋಡಿದ್ರೆ… ಈ ಪದದ ಬಗ್ಗೆ ನಿಮ್ಮ ಜನರ ಅಭಿಪ್ರಾಯ ಏನು?"

ಅಷ್ಟು ವರ್ಷ ಎಲ್ಲರೂ ಜಾಣತನದಿಂದ ಸುತ್ತಿಕೊಂಡು ಹೋಗುತ್ತಿದ್ದ ಗುಂಡಿಯೊಳಗೆ ಮೇಡಂ ಹೂಗುಚ್ಛ ಹಿಡಿದು ನಡೆದಿದ್ದರು. ಪಿಂತಿಲಿಯೆ ತನ್ನ ಉಗುರು ನೋಡಿಕೊಂಡ. ತ್ವಾದೆರ್ ಕೆಂಪಗಾದ.

ಗಾವ್ರಿಲ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಯೋಚನೆ ಮಾಡಿ ಹೇಳ್ತೀನಿ, ಮೇಡಂ," ಎಂದ.

ಮುಂದಿನ ವಾರಕ್ಕೆ ಸಭೆ ಮುಂದೆ ಹೋಯಿತು. ಆ ವಾರ ಗಾವ್ರಿಲ್‌ಗೆ ಸಿಕ್ಕಷ್ಟು ಕಾಫಿ ಅವನ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಸ್ಮಾರಾಂದಾ ಮೇಡಂ ಕುಡಿಸಿದರು: ನೋವಾಗುತ್ತೆ ಅಂತ ನೀವು ಒಂದು ಮಾತು ಹೇಳಿಬಿಟ್ಟರೆ ಸಾಕು, ಮೇಲಿನವರ ಹತ್ತಿರ ನಾನು ನೋಡಿಕೊಳ್ಳುತ್ತೇನೆ. ತ್ವಾದೆರ್ ಅಂಗಳದ ಬೆಂಚಿನ ಮೇಲೆ ಕೂರಿಸಿಕೊಂಡ. ನಾನು ಪಕ್ಕದಲ್ಲೇ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದೆ.

"ಗಾವ್ರಿಲುತ್ಸಾ, ನಿಜ ಹೇಳು. ನಾನು ಯಾವತ್ತಾದ್ರೂ ಕೆಟ್ಟ ಮನಸ್ಸಿಂದ ಹಂಗೆ ಕರೆದಿದೀನಾ?"

"ಇಲ್ಲ."

"ಮತ್ತೆ? ಸಭೇಲಿ ಅದನ್ನೇ ಹೇಳು. ನೋವಾಗುತ್ತೆ ಅಂತ ನೀನಂದ್ರೆ ಇಷ್ಟು ವರ್ಷ ನಾನೇನಾಗಿದ್ದೆ ಹೇಳು? ಊರೆಲ್ಲ ನನ್ನ ಮುಖ ನೋಡುತ್ತೆ. ನಿನ್ನ ಮಗಳ ಮುಂದೆ ನಾನು ಹೆಂಗೆ ನಿಲ್ಲಲಿ?"

ಗಾವ್ರಿಲ್ ನನ್ನ ಕೈಯಿಂದ ನಾಲ್ಕು ಬೀಜ ತೆಗೆದುಕೊಂಡ. "ನೋಡೋಣ," ಎಂದ.

ಮನೆಯಲ್ಲಿ ಅವನ ಹೆಂಡತಿ ಜಾಂಫಿರಾ ಒಲೆಯ ಮುಂದೆ ಮೆಕ್ಕೆಜೋಳದ ಮುದ್ದೆ ತಿರುವುತ್ತಾ ಅವನನ್ನು ವಿಚಾರಿಸಿಕೊಂಡಳಂತೆ. ಅವನೇ ನನಗೆ ಹೇಳಿದ್ದು.

"ಎರಡು ದಿನದಿಂದ ಗೋಡೆ ನೋಡ್ತಾ ಕೂತಿದೀಯಲ್ಲ, ಏನು?"

"ಆ ಪದ ಇರಬೇಕಾ ಬೇಡವಾ ಅಂತ ನನ್ನ ಕೇಳ್ತಾ ಇದಾರೆ."

"ಬೇಡ ಅನ್ನು. ಅದಕ್ಕೆ ಎರಡು ದಿನ ಬೇಕಾ? ನಿಮ್ಮಜ್ಜಿ ಸಾಯೋವರೆಗೂ ಆ ಪದ ಬಾಯಲ್ಲಿ ತರಲಿಲ್ಲ. 'ನಾವು ಮಠದವರಾಗಿದ್ದಾಗ' ಅಂತಿದ್ರು, ಅಷ್ಟೇ. ನೀನು ಅದಕ್ಕೆ ಓಗೊಟ್ಕೊಂಡು ಬಂದೆ."

"ಓಗೊಡದೆ ಇದ್ರೆ ಊರಿಗೆ ಬಿಸಿ ಬರ್ತಿರಲಿಲ್ಲ."

"ಊರಿಗೆ ಬಿಸಿ, ನಿನಗೆ ಕೆಮ್ಮು. ಡಾಕ್ಟರು ಏನಂದ್ರು, ತೇವಕ್ಕೆ ಹೋಗಬೇಡ ಅಂದ್ರು ತಾನೆ? ಅದನ್ನ ಯಾರಿಗೆ ಹೇಳಿದೆ? ಪೈಪಿಗಾ?"

ಗಾವ್ರಿಲ್ ತಟ್ಟೆ ಎಳೆದುಕೊಂಡ. ಮುದ್ದೆ ಗಂಟುಗಟ್ಟಿತ್ತು. ಇಬ್ಬರೂ ಅದನ್ನೇ ತಿಂದರು.

ಈ ನಡುವೆ ಹೊಸ ಹೆಸರಿನ ಚೀಟಿಗಳು ಬಂದವು. ತಯಾರಕರ ಕಡೆಯವರು ಒಡೆಯನಿಗೆ ಕ್ಲೈಂಟ್ ಎಂದೂ ಗುಲಾಮನಿಗೆ ಸರ್ವರ್ ಎಂದೂ ಹೆಸರಿಟ್ಟಿದ್ದರು. ಕೇಳುವವನು ಗಿರಾಕಿ, ತಂದುಕೊಡುವವನು ಸರ್ವರ್ ಎಂಬ ಲೆಕ್ಕ. ಆದರೆ ಅಂಟಿಸಲು ಹೋದ ಪಿಂತಿಲಿಯೆಗೆ ತನ್ನದೇ ತರ್ಕವಿತ್ತು. ಎಲ್ಲ ಕಚೇರಿಯಲ್ಲೂ ಸರ್ವರ್ ಎಂದರೆ ಗುಂಯ್‌ಗುಡುವ ದೊಡ್ಡ ಪೆಟ್ಟಿಗೆಯೇ ತಾನೆ? ಹಾಗಾಗಿ ಸರ್ವರ್ ಚೀಟಿ ನಮ್ಮ ಕಚೇರಿಗೆ, ಕ್ಲೈಂಟ್ ಚೀಟಿಗಳೆಲ್ಲ ನೆಲಮಾಳಿಗೆಗಳಿಗೆ. ಎರಡು ದಿನ ಅಂಟಿಸಿ ಬಂದು ಸೊಂಟ ಹಿಡಿದು ಕೂತ ಮೇಲೆ ಮೇಡಂ ನೋಡಿ ಹಣೆ ಬಡಿದುಕೊಂಡರು.

"ಉಲ್ಟಾ ಅಂಟಿಸಿದೀರಲ್ಲ!"

"ನಾನೆಲ್ಲಿ ಉಲ್ಟಾ ಅಂಟಿಸಿದೆ, ಮೇಡಂ? ಹೆಸರಿಟ್ಟೋರೇ ಉಲ್ಟಾ ಇಟ್ಟಿದಾರೆ. ಗಾವ್ರಿಲಣ್ಣ, ಬಾ, ನೀನೇ ಹೇಳು, ಈಗ ನೀನು ಗಿರಾಕಿನೋ ಸರ್ವರೋ?"

"ಕೆಳಗೇ ಇದೀನಿ ತಾನೆ?" ಎಂದ ಗಾವ್ರಿಲ್. "ಕೆಳಗಿರೋನಿಗೆ ಒಂದು ಹೆಸರು ಹುಡುಕೋದು ನಿಮಗೇನೂ ಕಷ್ಟ ಆಗಲ್ಲ."

ತಮಾಷೆಗೆ ಹೇಳಿದನೆಂದು ಪಿಂತಿಲಿಯೆ ನಕ್ಕ. ಗಾವ್ರಿಲ್ ನಗಲಿಲ್ಲ.

ಎರಡನೇ ಸಭೆಯ ದಿನ ಅವನು ಕ್ಷೌರ ಮಾಡಿಸಿಕೊಂಡು ಬಂದಿದ್ದ. ನಮಗೆಲ್ಲ ಗಾಬರಿಯಾದದ್ದು ಅದನ್ನು ನೋಡಿಯೇ. ಈಸ್ಟರಿಗಲ್ಲದೆ ಅವನು ಕ್ಷೌರ ಮಾಡಿಸಿದವನಲ್ಲ.

"ಕೂತ್ಕೊಂಡೇ ಹೇಳಿ ಗಾವ್ರಿಲ್ ಅವರೇ," ಎಂದರು ಮೇಡಂ. ಅವನು ನಿಂತೇ ಇದ್ದ.

"ಆ ಪದ ನೋಯಿಸುತ್ತಾ ಅಂತ ಕೇಳಿದ್ರಿ. ಮೊದಲ ವರ್ಷ ನೋಯಿಸ್ತು. ಮನೆಗೆ ಹೋದ್ರೂ ಕಿವೀಲೇ ಇರ್ತಿತ್ತು. ಆಮೇಲೆ ಅಭ್ಯಾಸ ಆಯ್ತು. ಅಭ್ಯಾಸ ಆಯ್ತು ಅಂದ್ರೆ ಸರಿಹೋಯ್ತು ಅಂತಲ್ಲ. ತೆಗೀರಿ ಅದನ್ನ. ನಮ್ಮಜ್ಜಿ ಹೇಳದೇ ಇದ್ದ ಪದ, ನಾನು ಹೇಳೋದೂ ಬೇಡ." ತ್ವಾದೆರ್ ತಲೆ ತಗ್ಗಿಸಿದ. ಗಾವ್ರಿಲ್ ಅವನ ಕಡೆ ನೋಡಿದ. "ತ್ವಾದೆರ್ ಕೆಟ್ಟ ಮನಸ್ಸಿಂದ ಕರೀಲಿಲ್ಲ. ಅದೂ ನಿಜ. ಅದನ್ನ ಹೇಳು ಅಂತ ಅವನು ಕೇಳಿದ್ದ, ಹೇಳಿದೀನಿ."

ಮೇಡಂ ಮುಖ ಅರಳಿತು. "ತುಂಬಾ ಥ್ಯಾಂಕ್ಸ್ ಗಾವ್ರಿಲ್ ಅವರೇ. ನಿಮ್ಮ ಸಮುದಾಯದ ಪರವಾಗಿ…"

"ಸಮುದಾಯದ ಪರವಾಗಿ ಅಲ್ಲ, ಮೇಡಂ. ಅವರು ನನ್ನ ಕಳಿಸಿಲ್ಲ. ನನ್ನ ಪರವಾಗಿ ಒಂದು ಮಾತಿದೆ, ಹೇಳ್ಲಾ?"

"ಹೇಳಿ."

"ಈ ಅಕ್ಟೋಬರಿಗೆ ಕೆಳಗೆ ಹೋಗೋದು ಯಾರು?"

"ಯಾರು ಅಂದ್ರೆ? ನೀನೇ…" ಎಂದ ತ್ವಾದೆರ್. ಅಂದವನು ಅಲ್ಲಿಗೇ ನಿಂತ.

"ಇದು ಇವತ್ತಿನ ವಿಷಯ ಅಲ್ಲ ಅಲ್ವಾ?" ಎಂದರು ಮೇಡಂ.

"ಇವತ್ತಿಂದೇ, ಮೇಡಂ. ಚೀಟಿ ಬದಲಾಯಿಸ್ತೀರಿ, ಒಳ್ಳೇದು. ಚೀಟಿ ಬದಲಾಯಿಸಿ, ಅದೇ ಮನುಷ್ಯ ಅದೇ ಮೆಟ್ಟಿಲು ಇಳೀತಾ ಇದ್ರೆ ನನಗೆ ಹೊಸದಾಗಿ ಒಂದು ಹೆಸರು ಬಂತು, ಅಷ್ಟೇ. ಇವನ ಕಾಲು ನೋಯ್ತಾ ಇತ್ತು ಅಂತ ನಾನು ಹೋದೆ. ಕಾಲು ವಾಸಿಯಾಯ್ತು. ನನಗೀಗ ಎದೆ ಕಟ್ಟುತ್ತೆ, ಡಾಕ್ಟರು ತೇವ ಬೇಡ ಅಂದಿದಾರೆ. ಕುರ್ಚಿ ನನಗೆ ಬೇಕು."

ಇಷ್ಟು ಸರಳವಾಗಿ ಯಾರಾದರೂ ಏನನ್ನಾದರೂ ಕೇಳಿದ್ದನ್ನು ನಾನು ನಮ್ಮ ಕಚೇರಿಯಲ್ಲಿ ಕಂಡಿರಲಿಲ್ಲ. ಪಿಂತಿಲಿಯೆಯ ಬಾಯಿಂದ ಸಿಗರೇಟು ಬಿತ್ತು.

"ಒಂದು ಸಲ ಬಾಯಿಬಿಟ್ಟು ಹೇಳಬಾರದಿತ್ತಾ, ಮಾರಾಯ?" ತ್ವಾದೆರ್ ದನಿ ಒಡೆದಿತ್ತು. ಒಡೆಯನೂ ಒಡೆಯುತ್ತಾನೆ ಎಂದು ನನಗೆ ಗೊತ್ತಾದದ್ದು ಆಗ. "ಒಂದು ಸಲ ಹೇಳಿದ್ರೆ…"

"ಹೇಳಿದ್ರೆ ಹೋಗ್ತಿದ್ದೆಯಾ?"

ತ್ವಾದೆರ್ ಮೇಜನ್ನು ನೋಡಿದ. "ಗೊತ್ತಿಲ್ಲ," ಎಂದ. ಅವನ ಬಗ್ಗೆ ನನಗೆ ಗೌರವ ಉಳಿದಿರುವುದು ಆ ಒಂದು ಮಾತಿನಿಂದ.

ಕ್ಲೈಂಟೂ ಬೇಡ, ಸರ್ವರೂ ಬೇಡ ಎಂದು ಮೇಡಂ ತೀರ್ಮಾನಿಸಿದರು. ದೊಡ್ಡ ಪೆಟ್ಟಿಗೆ ಕೇಂದ್ರ, ಪುಟ್ಟವು ಠಾಣೆ. ಈ ಸಲ ಕೆಳಗೆ ತ್ವಾದೆರ್, ಕುರ್ಚಿಯಲ್ಲಿ ಗಾವ್ರಿಲ್.

ಮರುದಿನದಿಂದ ತ್ವಾದೆರ್ ತನ್ನ ಊಟದ ಡಬ್ಬಿ ಹಿಡಿದು ವೆಲ್ಡಿಂಗ್ ಶೆಡ್ಡಿಗೆ ಹೋಗತೊಡಗಿದ. ಗಾವ್ರಿಲ್ ಅದೇ ಹಲಗೆಯ ಮೇಲೆ ಒಬ್ಬನೇ ಈರುಳ್ಳಿ ಹೆಚ್ಚುತ್ತಿದ್ದ. ಹೆಚ್ಚುತ್ತಿದ್ದದ್ದು ಇಬ್ಬರಿಗಾಗುವಷ್ಟು. ಉಳಿದದ್ದನ್ನು ನನಗೆ ಕೊಡುತ್ತಿದ್ದ. ನನ್ನ ಹೆಂಡತಿ ಆ ದಿನಗಳಲ್ಲಿ ನನ್ನಿಂದ ಒಂದು ಮಾರು ದೂರವೇ ಇದ್ದಳು.

"ಕೇಳಿ ತಪ್ಪು ಮಾಡಿದೆನಾ?" ಎಂದ ಒಂದು ದಿನ.

"ನಿನಗೇನನ್ನಿಸುತ್ತೆ?"

"ತಪ್ಪಲ್ಲ. ಆದ್ರೆ ಊಟ ಸೇರ್ತಿಲ್ಲ."

ಬಿಸಿ ಬಿಡುವ ದಿನ ಬಂತು. ಬೆಳಿಗ್ಗೆಯೇ ಮಂಜು ಕವಿದಿತ್ತು. ತ್ವಾದೆರ್ ಯಾರ ಮುಖವನ್ನೂ ನೋಡದೆ ವೈರ್‌ಲೆಸ್ ತೆಗೆದುಕೊಂಡು ಹೊರಟ. ಗಾವ್ರಿಲ್ ಕುರ್ಚಿಯ ತುದಿಯಲ್ಲಿ ಕೂತ, ಬಸ್ಸಿನಲ್ಲಿ ಅರ್ಧ ಸೀಟು ಸಿಕ್ಕವನ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಸರಿದು ಬೆನ್ನು ಕೊಟ್ಟ. ಕಾಲ ಬಳಿ ರೇಡಿಯೇಟರ್, ಮುಂದೆ ಕಾಫಿ. ಅವನಿಗೆ ಅದು ಹಿಡಿಸಿತು. ನೆಲಮಾಳಿಗೆಯೇ ಚೆನ್ನಾಗಿತ್ತು ಎಂದು ಅವನಿಗೆ ಒಂದು ಕ್ಷಣವೂ ಅನ್ನಿಸಿದ ಹಾಗೆ ಕಾಣಲಿಲ್ಲ.

"ಕೇಂದ್ರ ಮಾತಾಡ್ತಾ ಇದೆ. ಒಂದನೇ ಠಾಣೆ, ಹೇಳು."

ಉತ್ತರವಿಲ್ಲ. ಬರೀ ಸುಯ್ ಎಂಬ ಸದ್ದು.

"ಒಂದನೇ ಠಾಣೆ, ಹೇಳು."

ಮೇಡಂ ಬಾಗಿಲಿಗೆ ಬಂದು ನಿಂತರು. ತ್ವಾದೆರ್ ಕೆಲಸ ಬಿಟ್ಟು ಮನೆಗೆ ಹೋಗಿಬಿಟ್ಟನೇನೋ ಎಂದು ನಮಗೆಲ್ಲ ಅನುಮಾನ. ಗಾವ್ರಿಲ್ ಮೈಕನ್ನು ಬಾಯಿಯ ಹತ್ತಿರ ತಂದ. "ತ್ವಾದೆರ್," ಎಂದ ಮೆಲ್ಲಗೆ. "ಎಲ್ಲಿದೀಯಪ್ಪ?"

"ತಡಿಯಯ್ಯ ಸ್ವಲ್ಪ!" ವೈರ್‌ಲೆಸ್ ಸಿಡಿಯಿತು. "ಇಲ್ಲಿ ದೀಪದ ಸ್ವಿಚ್ಚು ಎಲ್ಲಿದೆ?"

"ದೀಪ ಇಲ್ಲ."

"ಇಲ್ಲ ಅಂದ್ರೆ?"

"ಬಹಳ ವರ್ಷದಿಂದ ಇಲ್ಲ. ಎಡಗಡೆ ಗೋಡೆ ಹಿಡ್ಕೊಂಡು ಹೋಗು. ಮೂರನೇ ಪೈಪಿನ ಪಕ್ಕ."

ಧಡ್ ಎಂದು ಏನೋ ತಾಗಿದ ಸದ್ದು. ಆಮೇಲೆ ತ್ವಾದೆರ್ ಆಡಿದ ಮಾತುಗಳಲ್ಲಿ ಸಂತರ ಹೆಸರುಗಳು ಹಲವು ಇದ್ದವು, ಭಕ್ತಿ ಇರಲಿಲ್ಲ. ಅಂದು ಪೂರ್ತಿ ಅವನು ನಿಯಮ ಮುರಿದ. ಕೇಳುವ ಮೊದಲೇ ಹೇಳಿದ. ಇಲ್ಲಿ ನೀರು ನಿಂತಿದೆ, ಇಲ್ಲಿ ಮೆಟ್ಟಿಲು ಮುರಿದಿದೆ, ಇಲ್ಲಿ ಬೆಕ್ಕು ಸತ್ತು ಯಾವ ಕಾಲ ಆಯಿತೋ. ಚಾನೆಲ್ ತುಂಬ ಅವನದೇ ದನಿ. ಸ್ಮಾರಾಂದಾ ಮೇಡಂ ಮಧ್ಯಾಹ್ನದೊಳಗೆ ಸ್ಟೋರಿಗೆ ಫೋನ್ ಮಾಡಿ ದೀಪ, ತಂತಿ, ಸಿಮೆಂಟು ಎಲ್ಲ ಹೊರಡಿಸಿದರು.

"ಇದೇನು ಸ್ಥಿತಿ! ಯಾರೂ ಹೇಳೇ ಇರಲಿಲ್ವಲ್ಲ," ಎಂದರು.

"ನಾನು ಹೇಳಿದ್ದೆ, ಮೇಡಂ," ಎಂದ ಗಾವ್ರಿಲ್, ಪರದೆಯಿಂದ ಕಣ್ಣು ತೆಗೆಯದೆ. "ನಿಮ್ಮ ಮುಂಚಿನವರಿಗೂ, ನಿಮಗೂ. ತ್ವಾದೆರ್ ಕೂಗಿದ್ದು ಬೇಗ ಕೇಳಿಸ್ತು."

ಮೇಡಂ ಅವನ ಎದುರಿನ ಸ್ಟೂಲ್ ಎಳೆದುಕೊಂಡು ಕೂತು, "ಇನ್ನೇನೇನು ಹೇಳಿದ್ರಿ, ಈಗ ಹೇಳಿ," ಎಂದರು. ಗಾವ್ರಿಲ್ ಹೇಳತೊಡಗಿದ. ಸುಮಾರು ಹೊತ್ತು ಹಿಡಿಯಿತು.

ಅರ್ಧ ಊರಿಗೆ ಬಿಸಿ ತಲುಪಿದ ಮೇಲೆ ತ್ವಾದೆರ್ ಕಚೇರಿಗೆ ಬಂದ. ಪ್ಯಾಂಟು ಮೊಣಕಾಲವರೆಗೆ ಒದ್ದೆ, ಹಣೆಯಲ್ಲಿ ಬುಗುಟೆ. ವೆಲ್ಡಿಂಗ್ ಶೆಡ್ಡಿನ ಕಡೆ ಎರಡು ಹೆಜ್ಜೆ ಇಟ್ಟವನು ತಿರುಗಿ ಬಂದು ಗಾವ್ರಿಲ್‌ನ ಹಲಗೆಯ ಎದುರು ಕೂತ. ಜೋಳಿಗೆಯಿಂದ ಉಪ್ಪಿನಕಾಯಿ ಜಾಡಿಯೊಂದನ್ನು ತೆಗೆದು ಮೇಜಿಗೆ ಕುಕ್ಕಿದ. ಹಸಿರು ಟೊಮೆಟೊ.

"ನಾಲ್ಕನೇ ಕಟ್ಟಡದ ಮುದುಕಿ ಕೊಟ್ಲು. ಆಗ್ಲಾಯಾ ಅತ್ತೆಯಂತೆ. ನಿನಗೆ ವರ್ಷಾ ವರ್ಷಾ ಕೊಡ್ತಿದ್ಲಂತೆ, ನನಗೆ ಹೇಳೇ ಇರಲಿಲ್ಲ ನೀನು."

"ದಿನಾ ತಿಂತಿದ್ದೆಯಲ್ಲ. ಎಲ್ಲಿಂದ ಬಂತು ಅಂದ್ಕೊಂಡಿದ್ದೆ?"

ತ್ವಾದೆರ್ ಜಾಡಿಯ ಮುಚ್ಚಳ ತಿರುಗಿಸಿದ. "'ಗಾವ್ರಿಲ್ ಎಲ್ಲಿ, ಸತ್ತನಾ?' ಅಂದ್ಲು. ಇಲ್ಲ, ಮೇಲೆ ಕೂತಿದಾನೆ ಅಂದೆ. 'ಅಯ್ಯೋ ಪಾಪ' ಅಂತ ಶಿಲುಬೆ ಗುರುತು ಹಾಕ್ಕೊಂಡು, ನಿನ್ನ ಆತ್ಮಕ್ಕೆ ಅಂತ ಈ ಜಾಡಿ ಕೊಟ್ಲು."

ಗಾವ್ರಿಲ್ ನಗಲು ಹೋಗಿ ಕೆಮ್ಮಿದ. ಕೆಮ್ಮು ಬೇಗ ನಿಲ್ಲಲಿಲ್ಲ. ತ್ವಾದೆರ್ ನೋಡುತ್ತಲೇ ಇದ್ದ. ಆ ಕೆಮ್ಮನ್ನು ಅವನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲ ಸಲವೇನೋ. ನೀರಿನ ಲೋಟವನ್ನು ಗಾವ್ರಿಲ್‌ನ ಕಡೆ ಸರಿಸಿದ.

"ನಾಳೆ ಯಾವುದರಿಂದ ಶುರು?" ಎಂದು ಕೇಳಿದ.

"ಹನ್ನೆರಡನೇದರಿಂದ. ನಿಧಾನಕ್ಕೆ ಇಳಿ. ಬಾಗಿಲ ಹಿಂದೆ ನಾಯಿ ಮರಿ ಹಾಕಿದೆ."

"ಕಚ್ಚುತ್ತಾ?"

"ನನ್ನ ಕಚ್ಚಲ್ಲ. ನಿನ್ನ ವಿಷಯ ಅದಕ್ಕೆ ಇನ್ನೂ ಗೊತ್ತಿಲ್ಲ."

ತ್ವಾದೆರ್ ತನ್ನ ಬ್ರೆಡ್ಡನ್ನು ಎರಡು ಮಾಡಿ, ಅರ್ಧವನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಇಳಿಸಿದ.